ಜಸ್ಟ್ ಪಾಸಾದ ಕ್ಯಾಮೆರಾ

ನನ್ನ ಕ್ಯಾಮೆರಾಕ್ಕೆ ಎಷ್ಟು ಅಂಕ ಬಂದಿವೆ ಎಂಬ ಸಂಗತಿ ನನಗೆ ತಿಳಿದದ್ದು ಮಾನ್ವಿಯಲ್ಲಿ, ಮಾವನ ಮನೆಯ ಪಡಸಾಲೆಯಲ್ಲಿ, ಎಡಗೈಯಲ್ಲಿ ಒಗ್ಗರಣೆಯ ತಟ್ಟೆಯನ್ನೂ ಬಲಗೈಯಲ್ಲಿ ಮಿರ್ಚಿ ಬಜ್ಜಿಯನ್ನೂ ಹಿಡಿದು ಕೂತಿದ್ದಾಗ. ಮಂಡಕ್ಕಿ ಒಗ್ಗರಣೆಗೆ ಮಿರ್ಚಿ ಕಚ್ಚಿಕೊಳ್ಳುವ ಆ ಪವಿತ್ರ ಗಳಿಗೆಯಲ್ಲಿ ಯಾರೂ ಯಾರಿಗೂ ಕೆಟ್ಟ ಸುದ್ದಿ ಹೇಳುವುದಿಲ್ಲ ಎಂಬುದು ನಮ್ಮ ಕಡೆಯ ಅಲಿಖಿತ ಕಾಯಿದೆ ಎಂದೇ ನಾನು ಇಷ್ಟು ದಿನ ನಂಬಿದ್ದೆ. ಆ ಊರಲ್ಲೇ ಅಕ್ಕಿ ಗಿರಣಿ ನಡೆಸುವ, ನನ್ನ ಹೆಂಡತಿಯ ತಮ್ಮ ಶರಣಪ್ಪ ಆ ಕಾಯಿದೆಯನ್ನು ಮುರಿದ. ಫೋನನ್ನು ನನ್ನ ಮೂಗಿನ ಹತ್ತಿರ ತಂದು, ತಾನು ಹೊಸದಾಗಿ ಕೊಂಡ ಕ್ಯಾಮೆರಾಕ್ಕೆ ನೂರರ ಸಮೀಪ ಅಂಕ ಬಂದಿರುವುದನ್ನೂ, ನನ್ನದು ಹೇಗೋ ಏದುಸಿರು ಬಿಡುತ್ತ ಜಸ್ಟ್ ಪಾಸಾಗಿರುವುದನ್ನೂ ತೋರಿಸಿದ.

ಕ್ಯಾಮೆರಾದ ಹೊಟ್ಟೆಯೊಳಗೆ ಬೆಳಕನ್ನು ಹಿಡಿಯುವ ಒಂದು ಸಣ್ಣ ಬಿಲ್ಲೆ ಇರುತ್ತದೆ. ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಎಲ್ಲೋ ದೂರದೇಶದಲ್ಲಿ ಕೆಲವು ಮಹನೀಯರು ತಣ್ಣನೆಯ ಕೋಣೆಯಲ್ಲಿ ಕೂತು, ಯಾವ ಬಿಲ್ಲೆ ಕತ್ತಲಲ್ಲಿ ಎಷ್ಟು ಕಾಣುತ್ತದೆ, ಯಾವುದು ಬಣ್ಣವನ್ನು ಎಷ್ಟು ನಿಷ್ಠೆಯಿಂದ ಹಿಡಿಯುತ್ತದೆ ಎಂದು ಪರೀಕ್ಷಿಸಿ ಅಂಕ ಹಾಕುತ್ತಾರಂತೆ. ರಾಯಚೂರಿನ ಕಾಲೇಜಿನಲ್ಲಿ ಜೀವಮಾನವಿಡೀ ಅಂಕ ಹಾಕಿಯೇ ಅನ್ನ ಉಂಡ ನಾನು ಅಂಕದ ವಿರುದ್ಧ ಬಾಯಿ ತೆರೆಯುವುದು ಉಂಡ ಮನೆಯ ಜಂತಿ ಎಣಿಸಿದಂತೆಯೇ ಸರಿ. ಆದರೆ ಓದುಗ ಮಹಾಶಯರೇ, ಅಂಕ ಹಾಕುವವನಿಗಲ್ಲದೆ ಅದರ ಅಂತರಂಗ ಇನ್ನಾರಿಗೆ ಗೊತ್ತಿರಲು ಸಾಧ್ಯ? ಉತ್ತರಪತ್ರಿಕೆ ನೋಡುವ ದಿನ ಮನೆಯಲ್ಲಿ ಊಟ ರುಚಿಯಾಗಿದ್ದರೆ ಎಷ್ಟೋ ಹುಡುಗರು ದಡ ಸೇರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದಿರಲಿ. ಆ ಪರೀಕ್ಷಕ ಮಹನೀಯರಿಗೆ ನನ್ನದೊಂದು ಸವಿನಯ ಸವಾಲಿದೆ. ಅವರು ತಮ್ಮ ಯಂತ್ರಗಳನ್ನೆಲ್ಲ ಹೊತ್ತುಕೊಂಡು ಮೇ ತಿಂಗಳ ಮಧ್ಯಾಹ್ನ ದೇವದುರ್ಗದ ಬಸ್ ನಿಲ್ದಾಣದಲ್ಲಿ ಇಳಿಯಲಿ. ಅರಕೇರಾದ ಗೆಳೆಯನೊಬ್ಬನ ಗೃಹಪ್ರವೇಶಕ್ಕೆಂದು ನಾನು ಹಾಗೆ ಇಳಿದಿದ್ದೆ. ಕೊರಳಲ್ಲಿದ್ದ ಕ್ಯಾಮೆರಾ ಒಲೆಯ ಮೇಲಿನ ಹೆಂಚಿನಂತೆ ಕಾದು, ಅದರ ಹಿಂಬದಿಗೆ ಕಣ್ಣು ಹಚ್ಚಿದರೆ ಹುಬ್ಬು ಸುಡುತ್ತಿತ್ತು. ಆ ಬಿಸಿಲಲ್ಲಿ ನೂರಂಕದ ಬಿಲ್ಲೆಗೂ ಜಸ್ಟ್ ಪಾಸಿನ ಬಿಲ್ಲೆಗೂ ಕಾಣುವುದು ಒಂದೇ, ಬೆಳ್ಳನೆಯ ಬೆಳಕು. ಅಂದು ನನ್ನ ಕ್ಯಾಮೆರಾ ಸಾಯದೆ ಮನೆಗೆ ಬಂತಲ್ಲ, ಅದಕ್ಕೆ ಎಷ್ಟು ಅಂಕ ಎಂದು ಯಾವ ಪಟ್ಟಿಯಲ್ಲೂ ಬರೆದಿಲ್ಲ.

ಈ ತರ್ಕವನ್ನೆಲ್ಲ ಶರಣಪ್ಪನ ಮುಂದೆ ಮಂಡಿಸಿದೆ. ಅವನು ನಕ್ಕು, ಇನ್ನೊಂದು ಮಿರ್ಚಿ ಬಡಿಸಿದ. ಸೋತವರಿಗೆ ಬಡಿಸುವ ರೀತಿಯೇ ಬೇರೆ, ನನಗೆ ರೇಗಿತು.

ನಮ್ಮ ಈ ವಾದಕ್ಕೆ ಒಂದು ನಿಜವಾದ ಕಾರಣವಿತ್ತು. ಪಡಸಾಲೆಯ ಗೋಡೆಯ ಮೇಲೆ ನನ್ನ ಮಾವನವರ ಫೋಟೋ ಇದೆ. ಅವರು ಬದುಕಿರುವಾಗ ಒಬ್ಬರೇ ಕೂತು ಫೋಟೋ ತೆಗೆಸಿದವರಲ್ಲ. ಹೋದ ಮೇಲೆ ಹುಡುಕಿದಾಗ ಸಿಕ್ಕಿದ್ದು ಯಾರದೋ ಮದುವೆಯ ಗುಂಪುಚಿತ್ರ. ಅದರಿಂದಲೇ ಅವರನ್ನು ಕತ್ತರಿಸಿ ದೊಡ್ಡದು ಮಾಡಿಸಿದರು. ಮಾವನವರು ಬಂದರು, ಜೊತೆಗೆ ಅವರ ಹೆಗಲ ಮೇಲೆ ಪಕ್ಕದವನ ಕೈಯೂ ಬಂತು. ಆ ಕೈ ಯಾರದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಪ್ರತಿ ಸೋಮವಾರ ಮಾವನವರ ಹಣೆಗೆ ವಿಭೂತಿ ಹಚ್ಚುವ ನನ್ನ ಅತ್ತೆ ಸಿದ್ದಲಿಂಗಮ್ಮ, ಭೇದ ಮಾಡಬಾರದೆಂದು ಆ ಅನಾಮಧೇಯ ಬೆರಳುಗಳಿಗೂ ಒಂದಿಷ್ಟು ಹಚ್ಚುತ್ತ ಬಂದಿದ್ದಾರೆ. ಆ ಕೈಯ ಒಡೆಯ ಬದುಕಿದ್ದರೆ, ತನ್ನ ಕೈಗೆ ಮಾನ್ವಿಯಲ್ಲಿ ವಾರವಾರವೂ ಪೂಜೆ ನಡೆಯುತ್ತಿರುವುದು ಪಾಪ, ಅವನಿಗೆ ತಿಳಿದೂ ಇರಲಾರದು.

ಈ ಅನುಭವದಿಂದ ಪಾಠ ಕಲಿತ ಅತ್ತೆ ಈ ಸಲ ಅಪ್ಪಣೆ ಮಾಡಿದ್ದರು: ತಾವು ಗಟ್ಟಿಯಾಗಿರುವಾಗಲೇ ತಮ್ಮ ಗೋಡೆಯ ಫೋಟೋ ಆಗಬೇಕು, ಅದರಲ್ಲಿ ಬೇರೆಯವರ ಕೂದಲೆಳೆಯೂ ಇರಬಾರದು, ಮತ್ತು ತಾವು ಫೋಟೋಕ್ಕೆಂದು ಕೂರುವುದು ಒಂದೇ ಸಲ. ಮುಂದೆ ಮೊಮ್ಮಕ್ಕಳು ತಮ್ಮನ್ನು ಗುರುತಿಸುವುದು ಆ ಒಂದು ಚಿತ್ರದಿಂದಲೇ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಗ ತೆಗೆಯಬೇಕೋ ಅಳಿಯ ತೆಗೆಯಬೇಕೋ ಎಂಬುದೇ ಪ್ರಶ್ನೆ. ಇಬ್ಬರೂ ತೆಗೆಯಲಿ, ಅವ್ವ ಆರಿಸಲಿ ಎಂದು ನನ್ನ ಹೆಂಡತಿ ತೀರ್ಪಿತ್ತಳು.

ಮೊದಲ ಸರದಿ ನೂರಂಕದ್ದು. ಶರಣಪ್ಪ ಕುರ್ಚಿ ಹಾಕಿಸಿದ, ದೀಪ ನಿಲ್ಲಿಸಿದ, ಹಿಂದೆ ಬಿಳಿಯ ಹೊಸ ಹಾಸಿಗೆ ಬಟ್ಟೆ ಕಟ್ಟಿಸಿದ. ಇಳಕಲ್ಲಿನ ಸೀರೆಯುಟ್ಟು ಕೂತ ಅತ್ತೆ, ಫಿರಂಗಿಯಷ್ಟು ಉದ್ದದ ಆ ಮಸೂರವನ್ನು ನೋಡಿದ್ದೇ ತಡ, ತಹಶೀಲ್ದಾರರ ಮುಂದೆ ನಿಂತ ಸಾಕ್ಷಿಯಂತಾದರು. ನಗು ಹೋಯಿತು, ಎರಡೂ ಅಂಗೈ ಮೊಣಕಾಲಿಗೆ ಅಂಟಿದವು. ಚಿತ್ರಗಳು ಬಂದವು ನೋಡಿ, ಸುಳ್ಳು ಹೇಳಲಾರೆ, ಸೀರೆಯ ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು. ಅತ್ತೆ ಮಾತ್ರ ಅದರಲ್ಲಿ ಇರಲಿಲ್ಲ.

ನನ್ನ ಸರದಿ ಬರುವ ಮೊದಲೇ, ಕೂರುವ ಆ ಒಂದು ಸಲ ಮುಗಿಯಿತೆಂದು ಅವರು ಎದ್ದು, ಒಳಮನೆಯ ಹೊಸ್ತಿಲ ಹತ್ತಿರ ಅರೆಬೆಳಕಿನಲ್ಲಿ ಕೂತು, ರೊಟ್ಟಿಗೆ ನೆಂಚುವ ಶೇಂಗಾ ಹಿಂಡಿಗೆ ಉಪ್ಪು ಹೆಚ್ಚಾಯಿತೆಂದು ಮಗಳನ್ನು ಬೈಯತೊಡಗಿದರು. ಬೈಸಿಕೊಳ್ಳುತ್ತಲೇ ನನ್ನ ಹೆಂಡತಿ ಅವರ ಜಾರಿದ ಸೆರಗನ್ನು ಹೆಗಲಿಗೇರಿಸಿದಳು. ನಾನು ಎಂದಿನಂತೆ ಗುಂಡಿ ಒತ್ತಿದೆ. ಅತ್ತೆ ನನ್ನತ್ತ ತಿರುಗಿಯೂ ನೋಡಲಿಲ್ಲ. ಇಷ್ಟು ವರ್ಷ ಪ್ರತಿ ಹಬ್ಬ, ಪ್ರತಿ ತೊಟ್ಟಿಲು, ಪ್ರತಿ ಜಗಳದಲ್ಲೂ ನನ್ನ ಕೊರಳಲ್ಲಿ ಲಿಂಗದ ಕರಡಿಗೆಯಂತೆ ತೂಗಾಡಿದ ಆ ಕ್ಯಾಮೆರಾವನ್ನು ಅವರು ಅಳಿಯನ ಮೈಯ ಒಂದು ಅಂಗವೆಂದೇ ಭಾವಿಸಿದ್ದರು.

ಎರಡನ್ನೂ ದೊಡ್ಡದಾಗಿ ಮುದ್ರಿಸಿ ತಂದೆವು. ನನ್ನದರಲ್ಲಿ ನೆರಳಿರುವಲ್ಲೆಲ್ಲ ರವೆ ಚೆಲ್ಲಿದಂತೆ ಕಾಳು ಕಾಳು. ಶರಣಪ್ಪ ಅಲ್ಲಿಗೇ ಬೆರಳಿಟ್ಟ. "ನೋಡ್ರಿ ಮಾಮಾರ, ಅಂಕ ಸುಳ್ಳು ಹೇಳಂಗಿಲ್ಲ" ಎಂದ. ಹೇಳುವುದಿಲ್ಲ, ಒಪ್ಪಿದೆ. ಆ ಮಹನೀಯರು ಕತ್ತಲಿನ ಬಗ್ಗೆ ಬರೆದದ್ದು ಅಕ್ಷರಶಃ ನಿಜ. ಸಾಲದ್ದಕ್ಕೆ ನನ್ನ ಚಿತ್ರದಲ್ಲಿ ಇನ್ನೂ ದೊಡ್ಡ ದೋಷವಿತ್ತು. ಅತ್ತೆಯ ಹೆಗಲ ಮೇಲೆ, ಸೆರಗು ಹಿಡಿದ ಒಂದು ಕೈ ಸ್ಪಷ್ಟವಾಗಿ ಕೂತಿತ್ತು. ಯಾವುದು ಇರಕೂಡದೆಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರೋ ಅದೇ. ಸೋಲೊಪ್ಪಿಕೊಳ್ಳಲು ಮನಸ್ಸಿಲ್ಲದ ನಾನು, ಕಂಪ್ಯೂಟರಿನಲ್ಲಿ ಆ ಕೈಯನ್ನು ಅಳಿಸಿ ತರುತ್ತೇನೆಂದು ಬಡಬಡಿಸಿದೆ.

ಅತ್ತೆ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಗೋಡೆಯ ಮೇಲಿನ ಮಾವನವರನ್ನು ಒಮ್ಮೆ ನೋಡಿದರು. ಆಮೇಲೆ ನನ್ನದನ್ನು ಎತ್ತಿಕೊಂಡರು.

"ಅಳಸಬ್ಯಾಡ್ರಿ ಅಳಿಯಂದ್ರ" ಎಂದರು. "ಅವರ ಹೆಗಲ ಮ್ಯಾಲಿಂದು ಯಾರ ಕೈಯೋ ಗೊತ್ತಿಲ್ಲ. ನಂದು ನನ್ನ ಮಗಳ ಕೈ. ಇರ್ಲಿ ಬಿಡ್ರಿ."

ನನ್ನ ಹೆಂಡತಿ ನೀರು ತರುವ ನೆಪ ಹೇಳಿ ಒಳಗೆ ಹೋದಳು. ನಾನು ಗೆದ್ದೆನೆಂಬ ಬಿಂಕವನ್ನೂ ಮರೆತೆ.

ಆ ಫೋಟೋಕ್ಕೆ ಈಗ ಚೌಕಟ್ಟು ಹಾಕಿಸಿ, ಬಟ್ಟೆ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾರೆ. ಅವಸರವೇನಿಲ್ಲ ಎಂದು ಅತ್ತೆಯೇ ಹೇಳಿದ್ದಾರೆ, ಆದರೂ ಆಗಾಗ ತೆಗೆದು ನೋಡುತ್ತಾರಂತೆ. ಕ್ಯಾಮೆರಾ ಮನುಷ್ಯರನ್ನು ಹೇಗೆ ನೋಡುತ್ತದೆ ಎಂದು ಅಳೆಯುವ ಪಂಡಿತರಿಗೆ ಮನುಷ್ಯರು ಆ ಕ್ಯಾಮೆರಾವನ್ನು ಹೇಗೆ ನೋಡುತ್ತಾರೆ ಎಂದು ಅಳೆಯುವ ಕೋಲು ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ನನ್ನ ಜಸ್ಟ್ ಪಾಸನ್ನು ನಾನು ಮಾರುವುದಿಲ್ಲ, ಬದಲಿಸುವುದಿಲ್ಲ.

ಮೊನ್ನೆ ಮಾನ್ವಿಗೆ ಹೋದಾಗ ಮತ್ತೆ ಒಗ್ಗರಣೆ, ಮತ್ತೆ ಮಿರ್ಚಿ. ಶರಣಪ್ಪ ಮತ್ತೆ ಫೋನನ್ನು ಮೂಗಿನ ಹತ್ತಿರ ತಂದ. ಅವನದಕ್ಕಿಂತ ಹೆಚ್ಚು ಅಂಕದ ಇನ್ನೊಂದು ಕ್ಯಾಮೆರಾ ಬಂದಿದೆಯಂತೆ. ನಾನು ಎಣ್ಣೆಗೈ ಒರೆಸಿಕೊಂಡು ಆ ಸಂಖ್ಯೆಯನ್ನು ಗೌರವದಿಂದಲೇ ನೋಡಿ, "ಚಲೋ ಅದ. ಅದರ ಮುಂದ ನಿಮ್ಮವ್ವ ಬೈತಾರೇನಪಾ?" ಎಂದು ಕೇಳಿದೆ.

ಒಳಮನೆಯಿಂದ ಅತ್ತೆ ಯಾರನ್ನೋ ಬೈಯುವುದು ಕೇಳುತ್ತಿತ್ತು. ಶರಣಪ್ಪ ಫೋನನ್ನು ಜೇಬಿಗಿಟ್ಟು ಮಿರ್ಚಿಗೆ ಕೈ ಹಾಕಿದ.