ಕೆಳದನಿಯ ಸಾಲು

ಅವ್ವನ ಶವಪೆಟ್ಟಿಗೆಯ ಮುಂದೆ ತಮ್ಮ ಹಾಡಿದ, ನಾನು ಹಾಡಲಿಲ್ಲ. ಹಾಡಬೇಕಾದ ಸಾಲು ನನ್ನದೇ ಆಗಿತ್ತು, ಬಾಯಿ ತೆರೆಯಲಿಲ್ಲ. ಯಾಕೆ ಅಂತ ಕೇಳಿದವರಿಗೆ ಸುಳ್ಳು ಹೇಳಿದೆ. ಒಂಬತ್ತು ವರ್ಷ ಆ ಸುಳ್ಳಿನೊಳಗೇ ಇದ್ದೆ. ಹೋದ ತಿಂಗಳು ಆಸ್ಟಿನ್ನಿನ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ, ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದ ಪುಟ್ಟ ಕೋಣೆಯೊಳಗೆ ನನ್ನನ್ನು ಕೂಡಿಸಿ ಬಾಗಿಲು ಹಾಕಿದರು. ಗಾಳಿಯಾಡದ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಡಲ್ಲಾಸಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಬಟ್ಟೆ ತೂಗುಹಾಕುವ ಕ್ಲಾಸೆಟ್ಟಿನಲ್ಲಿ ಹೋಗಿ ಕುಳಿತಂತಾಯಿತು.

ಅಪ್ಪ ಬೆಟಗೇರಿಯಲ್ಲೇ ತೀರಿಕೊಂಡಿದ್ದ. ಅವ್ವ ನರ್ಸ್. ಆ ಕೆಲಸದ ಮೇಲೆ ನಮ್ಮಿಬ್ಬರನ್ನೂ ಕರೆದುಕೊಂಡು ಡಲ್ಲಾಸಿಗೆ ಬಂದಾಗ ನನಗೆ ಹನ್ನೆರಡು, ತಮ್ಮ ಆನಂದನಿಗೆ ಐದು. ನನಗೆ ಇಂಗ್ಲಿಷ್ ಹತ್ತಲಿಲ್ಲ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಅಡುಗೆ, ಬಟ್ಟೆ, ಆನಂದ ಇಷ್ಟರಲ್ಲೇ ಉಳಿದೆ. ಅವ್ವ ಸಂಜೆ ಡ್ಯೂಟಿಗೆ ಹೋಗುವ ಮುಂಚೆ ದಿನಾ ನಮ್ಮಿಬ್ಬರ ಬಾಯಲ್ಲಿ ಅದೇ ಒಂದು ಯೇಸುವಿನ ಕೀರ್ತನೆ ಆಗಲೇಬೇಕು. ಆದರೆ ನಾವು ಬಾಯಿ ತೆರೆದರೆ ಕೆಳಗಿನ ಮನೆಯ ಮುದುಕಿ ಪೊರಕೆಯ ಕೋಲಿನಿಂದ ತನ್ನ ಮಾಳಿಗೆ ಕುಟ್ಟುತ್ತಿದ್ದಳು. ಅದಕ್ಕೇ ಅವ್ವ ನಮ್ಮನ್ನು ಕ್ಲಾಸೆಟ್ಟಿನೊಳಗೆ ಕೂಡಿಸಿ ಬಾಗಿಲನ್ನು ಎರಡು ಬೆರಳಿನಷ್ಟು ತೆರೆದಿಟ್ಟು, ಹೊರಗೆ ಕುಳಿತು ಬಿಳಿ ಬೂಟಿನ ಲಾಡಿ ಕಟ್ಟುತ್ತಿದ್ದಳು. ಒಳಗೆ ಅವಳ ಯೂನಿಫಾರ್ಮುಗಳ ಡೆಟಾಲ್ ವಾಸನೆ, ಯಾರೋ ತೊಟ್ಟು ಬಿಟ್ಟ ಚಳಿಗಾಲದ ಕೋಟುಗಳು, ಡಾಂಬರು ಗುಳಿಗೆ. ಆನಂದನ ಮೊಣಕಾಲು ನನ್ನ ಪಕ್ಕೆಗೆ ಚುಚ್ಚುತ್ತಿತ್ತು.

ಅವ್ವನ ತವರಿನಲ್ಲಿ ಆ ಒಂದು ಕೀರ್ತನೆಯನ್ನು ಹಾಡುವ ರೀತಿಯೇ ಬೇರೆ. ಮೊದಲ ಸಾಲು ಮೇಲುದನಿಯವರದು, ಎರಡನೆಯದು ಕೆಳದನಿಯವರದು. ಒಬ್ಬರ ಸಾಲನ್ನು ಇನ್ನೊಬ್ಬರು ಹಾಡುವಂತಿಲ್ಲ, ತಡವಾದರೂ ಕಾಯಬೇಕು. ಮೇಲಿನದು ಆನಂದನಿಗೆ, ಕೆಳಗಿನದು ನನಗೆ.

"ಅಕ್ಕಾ, ಲಗೂನ ಹಾಡ. ಒಳಗ ಉಸಿರು ಕಟ್ತದ. ನಿಂದು ನೋಡಿದ್ರ ಎಮ್ಮಿ ದನಿ, ಏಳೂದ ಇಲ್ಲ," ಅನ್ನುತ್ತಿದ್ದ.

"ಹಾಲು ಕೊಡೂದು ಎಮ್ಮಿನೇ ಅಲ್ಲೇನೋ? ಬಾಯಿ ಮುಚ್ಚಿ ಕಾಯಿ," ಅಂತ ಹೊರಗಿನಿಂದ ಅವ್ವ.

ಆ ಕಟ್ಟಡವನ್ನು ಈಗ ಕೆಡವಿದ್ದಾರೆ. ಕಾರು ನಿಲ್ಲಿಸುವ ಜಾಗ ಮಾಡಿದ್ದಾರಂತೆ. ನೀವೂ ಎಲ್ಲೋ ಇಂಥದೊಂದು ಮನೆಯನ್ನು ಕಳಕೊಂಡವರಾದರೆ ಗೊತ್ತಿರುತ್ತದೆ, ಗೋಡೆ ಹೋದಮೇಲೂ ಅದರ ಬಾಗಿಲ ಸಂದಿಯಿಂದ ಬೆಳಕು ಬೀಳುತ್ತಲೇ ಇರುತ್ತದೆ.

ಆನಂದ ದೊಡ್ಡವನಾಗಿ ಗಿಟಾರ್ ಹಿಡಿದ, ಅಗಲ ಹ್ಯಾಟು ಹಾಕಿದ. ಆಸ್ಟಿನ್ನಿನ ಬಾರುಗಳಲ್ಲಿ ಅಲ್ಲಿಯ ಹಳ್ಳಿಗಾಡಿನ ಕಂಟ್ರಿ ಹಾಡು ಹಾಡುತ್ತ, ಹೆಸರನ್ನೂ ಆಂಡಿ ಅಂತ ಮಾಡಿಕೊಂಡ. ಅವ್ವ ಚರ್ಚಿನವರೆದುರು ಅವನ ಮಾತೇ ಎತ್ತುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಊಟದ ಬಿಡುವಿನಲ್ಲಿ ಮಾತ್ರ ಕಿವಿಗೆ ಇಯರ್‌ಫೋನು ಸಿಗಿಸಿಕೊಂಡು ಅವನ ಹಾಡನ್ನೇ ಕೇಳುತ್ತಿದ್ದಳೆಂದು ಅವಳ ಜೊತೆಯ ನರ್ಸು ಆಮೇಲೆ ಹೇಳಿದಳು. ನಾನು ಮದುವೆಯಾಗಿ ಹ್ಯೂಸ್ಟನ್ ಕಡೆಗೆ, ಪೇರ್ಲ್ಯಾಂಡಿಗೆ ಹೋದೆ. ಕೊನೆಗೆ ಹಾಸಿಗೆ ಹಿಡಿದಾಗ ಅವ್ವ ಕೇಳಿದ್ದು ಒಂದೇ: "ನನ್ನ ಪೆಟ್ಟಿಗಿ ಮುಂದ ನೀವಿಬ್ರೂ ಅದನ್ನ ಹಾಡ್ರಿ." ಇಬ್ಬರೂ ಹೂಂ ಅಂದೆವು.

ಆ ದಿನ ಆನಂದ ಹ್ಯಾಟನ್ನು ಎದೆಗೊತ್ತಿಕೊಂಡು ಪೆಟ್ಟಿಗೆಯ ಬಳಿ ನಿಂತಾಗ, ಚರ್ಚಿನ ಹಿರಿಯರಾದ ಸ್ಯಾಮ್ಯುಯೆಲ್ ಅಂಕಲ್ ನನ್ನ ಹಿಂದಿನ ಬೆಂಚಿನಿಂದ ಮೆಲ್ಲಗೆ ಅಂದರು: "ಬಾರ್‌ನಾಗ ಹಾಡೋ ಬಾಯಿ ಅದು. ನೀ ಅದರ ಜೋಡಿ ದನಿ ಕೂಡಸಬ್ಯಾಡವಾ." ಅವರ ಮಗನಿಗೆ ನನ್ನ ಮಗಳನ್ನು ಕೊಡುವ ಮಾತು ನಡೆದಿತ್ತು. ಗಂಡ ನೆಲ ನೋಡುತ್ತಿದ್ದ. ಆನಂದ ಮೊದಲ ಸಾಲು ಮುಗಿಸಿ ನನ್ನತ್ತ ನೋಡಿ ಕಾದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವನು ನನ್ನ ಸಾಲನ್ನು ತಾನು ಹಾಡಲಿಲ್ಲ. ಆ ಸಾಲಿನಷ್ಟು ಹೊತ್ತು ಸುಮ್ಮನೆ ನಿಂತು ಮುಂದಿನ ಸಾಲು ಎತ್ತಿಕೊಂಡ. ನಾಲ್ಕು ಚರಣಕ್ಕೂ ಹಾಗೇ ಕಾದ. ಹೊರಗೆ ಬಂದಮೇಲೆ, "ಅಳು ಬಂದು ಗಂಟಲ ಕಟ್ತೋ," ಅಂದೆ. "ಇರ್ಲಿ ಬಿಡಕ್ಕಾ," ಅಂತ ಬೆನ್ನು ಸವರಿ ಹೋದ. ಮಗಳ ಆ ಸಂಬಂಧ ಕೂಡಿಬರಲಿಲ್ಲ. ಆದರೆ ತಮ್ಮನ ಮುಖ ನೋಡುವ ಧೈರ್ಯವೂ ನನಗೆ ಉಳಿಯಲಿಲ್ಲ. ಅವನ ಫೋನು ಬಂದಾಗೆಲ್ಲ ರೊಟ್ಟಿ ಬಡಿಯುತ್ತಿದ್ದೇನೆ ಅಂತ ಇಟ್ಟುಬಿಡುತ್ತಿದ್ದೆ.

ಹೋದ ತಿಂಗಳು ಮಾತ್ರ ಅವನು ಇಡಗೊಡಲಿಲ್ಲ. "ಅಕ್ಕಾ, ಕೀರ್ತನೆ ಆಲ್ಬಮ್ ಮಾಡಾಕತ್ತೀನಿ. ಇಂಗ್ಲಿಷಿನವು ಎಲ್ಲಾ ಮುಗದಾವ. ಅವ್ವಂದು ಒಂದ ಉಳದದ. ನಿನ್ನ ಸಾಲು ಖಾಲಿ ಬಿಟ್ಟೀನಿ."

ಹಾಗೆ ಆ ಕೋಣೆಯಲ್ಲಿ ಕುಳಿತೆ. ಕಿವಿಗೆ ಹೆಡ್‌ಫೋನ್, ಮುಂದೆ ಮೈಕು, ಗಾಜಿನಾಚೆ ಹ್ಯಾಟಿನ ಆನಂದ. ಅವನ ಸಾಲು ಬಂತು. ಆಮೇಲೆ ಬರೀ ಅವನ ಉಸಿರು, ಕಾಯುವ ಉಸಿರು. ನನಗೆ ದನಿ ಹೊರಡಲಿಲ್ಲ. ಎರಡನೆಯ ಸಲವೂ ಇಲ್ಲ. ಎದ್ದು ಓಡಬೇಕೆನಿಸಿತು. ಬಾಗಿಲಿಗೆ ಒಳಗಿನಿಂದ ಹಿಡಿಕೆ ಎಲ್ಲಿದೆಯೆಂದೇ ಕಾಣಲಿಲ್ಲ.

ಹೆಡ್‌ಫೋನಿನಲ್ಲಿ ಅವನ ದನಿ ಮೆತ್ತಗೆ ಬಂತು. "ಅವ್ವನ್ನ ನೆನಸಿ ಅವತ್ತಿನಂಗ ಗಂಟಲ ಕಟ್ಟಿರಬೇಕು. ಅವಸರಿಲ್ಲಕ್ಕಾ, ನಾ ಕಾಯ್ತೀನಿ. ಬಾಗಿಲಾ ತಗೀಲೇನು?"

ಅವನು ಆ ಸುಳ್ಳನ್ನು ಇಷ್ಟು ವರ್ಷ ನಂಬಿಕೊಂಡೇ ಬಂದಿದ್ದ.

"ಬ್ಯಾಡ," ಅಂದೆ. ಮೈಕಿನ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. "ಆನಂದಾ, ಅವತ್ತು ನನ್ನ ಗಂಟಲ ಕಟ್ಟಿರಲಿಲ್ಲೋ. ಅಂಕಲ್‌ಗ ಅಂಜಿ ಬೇಕಂತನ ಸುಮ್ಮನಿದ್ದೆ. ಅಷ್ಟು ಮಂದಿ ಮುಂದ ನಿನ್ನೊಬ್ಬನ್ನ ಕಾಯಿಸಿ ನಿಲ್ಲಿಸಿದೆ. ಅವ್ವನ ಮಾತು ಮುರದೆ. ನಂದು ತಪ್ಪಾತೋ ತಮ್ಮಾ."