ಸುಮಿತ್ರಕ್ಕನ ಕಣದಲ್ಲಿ ನನ್ನ ಕಾರು

ಮೂಡಿಗೆರೆಯಿಂದ ಗೋಣಿಬೀಡಿಗೆ ಬರುವ ಆ ತಿರುವಿನಲ್ಲಿ ಬ್ರೇಕ್ ಮುಟ್ಟಿದೆ ಅಷ್ಟೇ. ಕಾರಿನ ಹಿಂಭಾಗ ನನ್ನನ್ನು ಒಂದು ಮಾತೂ ಕೇಳದೆ ಚರಂಡಿ ಕಡೆ ಹೊರಟಿತು.

ಹೇಗೋ ಹಿಡಿದು ನಿಲ್ಲಿಸಿದೆ. ಪಕ್ಕದಲ್ಲಿದ್ದ ತಂಗಿ ಇಳಿದು, ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿಕೊಂಡು ಹೋದಳು!

ನನ್ನದು ಸೆಕೆಂಡ್ ಹ್ಯಾಂಡ್ ಸೆಡಾನ್. ಜೋರು ಇಂಜಿನ್ನು, ಮೊದಲಿನ ಓನರ್ ಸ್ಪ್ರಿಂಗ್ ಬದಲಿಸಿ ನೆಲಕ್ಕೆ ತಗ್ಗಿಸಿದ್ದ ಗಾಡಿ. ಇಡೀ ದಿನ ಮೆಡಿಕಲ್ ಶಾಪ್‌ನಲ್ಲಿ ನಿಂತು ಸುಸ್ತಾದವಳಿಗೆ ಸಂಜೆ ಅದನ್ನು ಓಡಿಸುವುದೇ ಖುಷಿ.

ಆ ದಿನದ ನಂತರ ತಿರುವು ಕಂಡರೆ ಸಾಕು, ಕೈ ತಣ್ಣಗಾಗುತ್ತಿತ್ತು. ನಮ್ಮ ಕಡೆ ತಿರುವಿಲ್ಲದ ರಸ್ತೆಯನ್ನು ಎಲ್ಲಿಂದ ತರಲಿ?

ಮಾರಿಬಿಡುವುದೆಂದು ತೀರ್ಮಾನಿಸಿದೆ. ಹಾಸನದಿಂದ ಒಬ್ಬರು ನೋಡಲು ಬರುತ್ತೇನೆ ಎಂದೂ ಹೇಳಿದರು. ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ, ಅದು ಬೇರೆ ವಿಷಯ...

ಒಪ್ಪದವರು ಗೋಣಿಬೀಡಿನ ಮೆಕ್ಯಾನಿಕ್ ರಫೀಕ್ ಭಾಯ್. ಕಾರು ತಗ್ಗಿಸಿದರೆ ಹಿಂದಿನ ಚಕ್ರಗಳು ನಿಲ್ಲುವ ಕೋನವೂ ಬದಲಾಗುತ್ತದೆ, ಅದನ್ನು ಯಾರೂ ಸರಿ ಮಾಡಿಲ್ಲ, ಗಾಡಿಯದ್ದೇನೂ ತಪ್ಪಿಲ್ಲ ಎಂದರು. ಕೋನ ಹೊಂದಿಸಲು ಬರುವಂಥ ಆರ್ಮ್‌ಗಳನ್ನು, ಅಂದರೆ ಚಕ್ರ ಹಿಡಿದಿಡುವ ಸರಳುಗಳನ್ನು, ತರಿಸಿ ಹಿಂದೆ ಹಾಕಿಯೂ ಕೊಟ್ಟರು.

ಇನ್ನು ಅಳೆದು ಹೊಂದಿಸಬೇಕು. ಪೇಟೆಯ ಅಲೈನ್‌ಮೆಂಟ್ ಅಂಗಡಿಯ ರ‍್ಯಾಂಪ್ ಮೇಲೆ ನನ್ನ ತಗ್ಗು ಕಾರು ಹತ್ತುವುದೇ ಇಲ್ಲ, ಬಂಪರ್ ತಾಗುತ್ತದೆ. ರಫೀಕ್ ಭಾಯ್ ಗ್ಯಾರೇಜ್ ಇರುವುದು ಇಳಿಜಾರಿನಲ್ಲಿ.

ಗುಡ್ಡದ ಊರಲ್ಲಿ ಸಮತಟ್ಟು ನೆಲ ಎಂದರೆ ಒಂದೇ, ಕಾಫಿ ಒಣಗಿಸುವ ಕಣ. ಆದರೆ ಕೊಯ್ಲಿನ ಸಮಯ, ಎಲ್ಲರ ಕಣದಲ್ಲೂ ಕಾಫಿ.

ನಮ್ಮ ಅಂಗಡಿಗೆ ಬಿಪಿ ಮಾತ್ರೆಗೆ ಬರುವ ಸುಮಿತ್ರಕ್ಕನನ್ನು ಹಿಂಜರಿಯುತ್ತಲೇ ಕೇಳಿದೆ. ಗೋಣಿಬೀಡಿನ ಹತ್ತಿರ ಅವರದ್ದು ಸಣ್ಣ ತೋಟ, ಇರುವುದೊಂದೇ ಕಣ. ಬೆಳಿಗ್ಗೆ ಬನ್ನಿ, ಮಧ್ಯಾಹ್ನದವರೆಗೆ ಹರಡುವುದಿಲ್ಲ ಎಂದರು. ಒಂದು ಹೊತ್ತಿನ ಬಿಸಿಲು ಬಿಟ್ಟುಕೊಡುವುದೆಂದರೆ ಏನು ಅಂತ ಕಾಫಿ ಬೆಳೆದವರಿಗೆ ಗೊತ್ತು.

ಹೋದಾಗ ಕಾಫಿಯೆಲ್ಲ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ರಾಶಿಯಾಗಿತ್ತು. ಕಣ ಗುಡಿಸಿಟ್ಟಿದ್ದರು.

ರಫೀಕ್ ಭಾಯ್ ಕಾರಿನ ಎರಡೂ ಕಡೆ ನೈಲಾನ್ ದಾರ ಕಟ್ಟಿದರು. ದಾರದಿಂದ ಅಳೆದಾಗ ಗೊತ್ತಾಯಿತು, ಹಿಂದಿನ ಎರಡೂ ಚಕ್ರಗಳ ಮುಂಬದಿ ಹೊರಕ್ಕೆ ತಿರುಗಿದೆ! ಬಾಲ ಬೀಸುತ್ತಿದ್ದದ್ದು ಅದಕ್ಕೇ.

ನಾನು ಓಡಿಸುವಾಗ ಇರುವಷ್ಟೇ ಭಾರ ಡ್ರೈವರ್ ಸೀಟಿನಲ್ಲಿ ಇರಬೇಕಂತೆ. ಸುಮಿತ್ರಕ್ಕ ಮನೆಯೊಳಗಿದ್ದ ಒಣಕಾಫಿ ಮೂಟೆಯನ್ನು ರಫೀಕ್ ಭಾಯ್ ಕೈಲಿ ಹೊರಿಸಿ ತಂದು ಕೂರಿಸಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂದು ಮೂಟೆ ಸಾಕಾಗಲ್ಲ ರಫೀಕ್, ಇನ್ನರ್ಧ ಬೇಕು" ಎಂದರು. ಮೂಟೆಗೆ ಸೀಟ್ ಬೆಲ್ಟ್ ಬೇರೆ ಹಾಕಿದರು.

ದಾರದ ಲೆಕ್ಕದಲ್ಲಿ ಚಕ್ರಗಳನ್ನು ಸ್ವಲ್ಪವೇ ಒಳಮುಖ ಮಾಡಿದ್ದಾಯಿತು. ನಂತರ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ಚಕ್ರ ಎಷ್ಟು ವಾಲಿದೆ ಎಂದು ನೋಡಿದರು. ಬಲಗಡೆಯದು ಜಾಸ್ತಿ ಒಳಕ್ಕೆ ವಾಲಿತ್ತು. ಎಡಗಡೆಯದಕ್ಕೆ ಸರಿಸಮ ಮಾಡಿದರು. ಸ್ಪ್ರಿಂಗ್ ಕೂರಲಿ ಎಂದು ನಾನು ಕಣದಲ್ಲೇ ಒಂದು ಸುತ್ತು ಹಾಕಿ ಬಂದು, ಈ ಸಲ ಕಾರಿನ ಮುಖ ಎದುರು ದಿಕ್ಕಿಗೆ ಮಾಡಿ ನಿಲ್ಲಿಸಿದೆ. ಮೂಟೆ ಮತ್ತೆ ಸೀಟಿಗೆ ಬಂತು.

ಮತ್ತೆ ಅಳೆದರೆ... ಈಗ ಎಡಗಡೆಯದು ವಾಲಿದೆ! ಅದೂ ಮೊದಲಿಗಿಂತ ಹೆಚ್ಚು.

ಮೂವರೂ ಬಾಗಿ ಬಾಗಿ ನೋಡುತ್ತಿದ್ದೇವೆ. ಇದ್ದಕ್ಕಿದ್ದಂತೆ ರಫೀಕ್ ಭಾಯ್ ತಲೆ ಚಚ್ಚಿಕೊಂಡರು. "ವಾಲಿರೋದು ಚಕ್ರ ಅಲ್ಲ ಅಕ್ಕ, ಕಣ!"

ಮಳೆ ಬಂದರೆ ನೀರು ನಿಲ್ಲಬಾರದೆಂದು ಕಣವನ್ನು ಒಂದು ಕಡೆಗೆ ತುಸು ಇಳಿಜಾರು ಮಾಡಿಯೇ ಕಟ್ಟುತ್ತಾರೆ. ಹುಟ್ಟಿದಾಗಿನಿಂದ ಕಣದಲ್ಲೇ ಆಡಿದ ಮೂವರಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು.

ನಕ್ಕು ಮುಗಿದ ಮೇಲೆ ನೋಡಿದರೆ ಬಿಸಿಲು ನೆತ್ತಿಗೆ ಬಂದಿತ್ತು, ಆ ಕಡೆ ಗುಡ್ಡದ ಮೇಲೆ ಮೋಡ ಬೇರೆ. ಹಸಿ ಕಾಫಿ ರಾಶಿಯಲ್ಲೇ ಉಳಿದರೆ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ. ಸಾಕು ಅಕ್ಕ, ಹೇಗೂ ಮಾರುವ ಗಾಡಿ, ನೀವು ಕಾಫಿ ಹರಡಿಕೊಳ್ಳಿ ಎಂದೆ.

ಸುಮಿತ್ರಕ್ಕ ರೇಗಿದರು. "ಸುಮ್ನಿರು ಮಾರಾಯ್ತಿ. ಅರ್ಧ ಮಾಡ್ಕಂಡು ಹೋದ್ರೆ ಅರ್ಧ ಧೈರ್ಯದಲ್ಲಿ ಓಡಿಸ್ತೀಯಾ?"

ಮನೆ ಕಟ್ಟಿದಾಗ ಉಳಿದ ಟೈಲ್ಸ್ ಅವರೇ ಹೊತ್ತು ತಂದರು. ತಗ್ಗಿದ್ದ ಕಡೆಯ ಚಕ್ರಗಳ ಕೆಳಗೆ ಟೈಲ್ಸ್ ಇಟ್ಟು, ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿ, ರಫೀಕ್ ಭಾಯ್ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡಿದರು. ಸುಮಿತ್ರಕ್ಕ ಆಗಾಗ ರಾಶಿಗೆ ಕೈ ಹಾಕಿ ಬಿಸಿ ನೋಡುತ್ತಾರೆ, ಬಂದು ಕೂರುತ್ತಾರೆ. ನನಗೆ ಅವರ ಮುಖ ನೋಡಲು ಆಗುತ್ತಿಲ್ಲ.

ಮುಗಿದಾಗ ಬಿಸಿಲು ಬಾಗಿತ್ತು. ಮಳೆ ಬರಲಿಲ್ಲ, ಪುಣ್ಯ. ಮೂವರೂ ಸೇರಿ ಕಾಫಿ ಹರಡಿದೆವು.

ಇನ್ನು ಓಡಿಸಿ ನೋಡಬೇಕು. ನಾನು ಕೀಲಿ ಹಿಡಿದು ಸುಮ್ಮನೆ ನಿಂತಿದ್ದೆ. ಸುಮಿತ್ರಕ್ಕ ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ಯಾರೂ ಕರೆಯದೆಯೇ ಪಕ್ಕದ ಸೀಟಿನಲ್ಲಿ ಕೂತುಬಿಟ್ಟರು.

ಮೂಡಿಗೆರೆ ರಸ್ತೆಗಿಳಿದದ್ದೇ ಅವರ ಮಾತು ಶುರು. ಈ ಸಲ ಮೆಣಸಿನ ಬಳ್ಳಿಗೆ ಬಂದ ರೋಗ, ಸೊಸೆ ಮಾಡುವ ಸಪ್ಪೆ ಸಾರು, ಮಂಗಗಳ ಕಾಟ... ನಾನು ಹೂಂ ಹೂಂ ಎನ್ನುತ್ತಾ ಓಡಿಸುತ್ತಿದ್ದೇನೆ.

ಮೂಡಿಗೆರೆಯ ಮೊದಲ ಮನೆಗಳು ಕಂಡಾಗಲೇ ಹೊಳೆದದ್ದು. ಆ ತಿರುವು ಯಾವಾಗಲೋ ಹಿಂದೆ ಹೋಗಿದೆ, ನನಗೆ ಗೊತ್ತೇ ಆಗಿಲ್ಲ!

ಗಾಡಿ ಬದಿಗೆ ಹಾಕಿ ಹಾಸನದವರಿಗೆ ಫೋನ್ ಮಾಡಿ, ಕಾರು ಕೊಡುವುದಿಲ್ಲ ಎಂದೆ. ಸುಮಿತ್ರಕ್ಕ ಮಾತ್ರ ಇನ್ನೂ ಮಂಗಗಳಿಗೆ ಬೈಯುತ್ತಲೇ ಇದ್ದರು.

ನಿಮ್ಮ ಕೈ ತಣ್ಣಗಾದ ದಿನ, ಕರೆಯದೆಯೇ ಬಂದು ಪಕ್ಕದ ಸೀಟಿನಲ್ಲಿ ಕೂತವರು ಯಾರು?