ಅಮ್ಮ ಒಗೆದ ಬಿಳಿ ಅಂಗಿ

ನೈಜೀರಿಯಾದ ನಮ್ಮ ಯುನಿವರ್ಸಿಟಿಯಲ್ಲಿ ಕೊನೆಯ ಪರೀಕ್ಷೆಗೆ ಎಲ್ಲರೂ ಬಿಳಿ ಅಂಗಿ ತೊಟ್ಟು ಹೋಗುತ್ತಿದ್ದೆವು. ಹೊರಗೆ ಬಂದ ಕೂಡಲೇ ಜೊತೆಗಾರರು ಮಾರ್ಕರ್ ಪೆನ್ನು ಹಿಡಿದು ಮುತ್ತಿಕೊಳ್ಳುತ್ತಿದ್ದರು. ಬೆನ್ನು, ತೋಳು, ಕಾಲರ್, ಜಾಗ ಸಿಕ್ಕಿದಲ್ಲಿ ಹೆಸರು, ಹಾರೈಕೆ, ತಮಾಷೆ, ಬೈಗುಳ. ಅಲ್ಲಿ ಓದಿದವರ ಡಿಗ್ರಿ ಸರ್ಟಿಫಿಕೇಟು ಎಲ್ಲಿದೆಯೆಂದು ಹುಡುಕಬೇಕಾದೀತು; ಆ ಅಂಗಿ ಎಲ್ಲಿದೆಯೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ.

ನನ್ನ ಅಂಗಿಯೂ ಇದೆ. ಇಲ್ಲಿ ಕುವೈತಿನಲ್ಲಿ, ಎಗೈಲಾದ ನಮ್ಮ ಫ್ಲ್ಯಾಟಿನ ಕಪಾಟಿನಲ್ಲಿ. ಅದರ ಮೇಲೆ ಒಂದಕ್ಷರವೂ ಇಲ್ಲ. ಅಮ್ಮ ಒಗೆದುಬಿಟ್ಟಿದ್ದಳು.

ಅಪ್ಪ ಅಲ್ಲಿನ ಒಂದು ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಫಿಟ್ಟರ್ ಆಗಿದ್ದರು. ಅಮ್ಮ ಕಾಪು ಕಡೆಯವಳು, ಊರಿನಲ್ಲಿದ್ದಾಗ ಬೀಡಿ ಕಟ್ಟುತ್ತಿದ್ದಳು. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾಳೆ, ಇಂಗ್ಲಿಷ್ ಓದಲು ಬಾರದು. ಅಪ್ಪನ ಕಡೆಯಾಗಲಿ ಅಮ್ಮನ ಕಡೆಯಾಗಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹಾಸ್ಟೆಲಿನಲ್ಲಿ ನನಗೆ ಮಂಚ ಸಿಕ್ಕಿರಲಿಲ್ಲ. ಸಿಗದವರು ಸಿಕ್ಕಿದವರ ಜೊತೆ ತೂರಿಕೊಂಡು ಇರುವುದು ಅಲ್ಲಿನ ರೂಢಿ. ನನ್ನನ್ನು ಸೇರಿಸಿಕೊಂಡವಳು ಸಂತೆಯಲ್ಲಿ ಟೊಮೆಟೊ ಮಾರುವವಳ ಮಗಳು. ಅವಳ ಮನೆಯಲ್ಲೂ ಅವಳೇ ಮೊದಲು. ಇಷ್ಟು ಸಪೂರ ಹಾಸಿಗೆ. ಒಬ್ಬಳು ಮಗ್ಗುಲು ಬದಲಿಸಿದರೆ ಇನ್ನೊಬ್ಬಳೂ ಬದಲಿಸಬೇಕು. ಮನೆಯಿಂದ ತಂದದ್ದೆಲ್ಲ ಮುಗಿದಾಗ ಮರಗೆಣಸಿನ ರವೆಯಂಥ ಗಾರಿಯನ್ನು ತಣ್ಣೀರಿನಲ್ಲಿ ನೆನೆಸಿ, ಸಕ್ಕರೆ, ನೆಲಗಡಲೆ ಹಾಕಿ ತಿನ್ನುತ್ತಿದ್ದೆವು. ಕರೆಂಟು ಬಂದರೆ ಇಡೀ ಹಾಸ್ಟೆಲು ಗೆದ್ದವರ ಹಾಗೆ ಕೂಗುತ್ತಿತ್ತು. ಮೇಷ್ಟ್ರುಗಳ ಮುಷ್ಕರ ಶುರುವಾದರೆ ಗೇಟಿಗೆ ಬೀಗ, ನಾನು ಮಿಲ್ಲಿನ ಕ್ವಾರ್ಟರ್ಸಿಗೆ ವಾಪಸ್.

"ನಿನ್ನ ಓದು ಮುಗಿಯುವಾಗ ನನಗೆ ಕನ್ನಡಕ ಬರ್ತದೆ" ಎನ್ನುತ್ತಿದ್ದಳು ಅಮ್ಮ. ಬಂತು ಕೂಡ.

ಕೊನೆಯ ದಿನ ಗೆಳತಿ ನನ್ನ ಬೆನ್ನನ್ನು ಪೂರ್ತಿ ತನಗೇ ಎಂದು ಹಿಡಿದಿಟ್ಟುಕೊಂಡು ಉದ್ದಕ್ಕೆ ಏನೋ ಬರೆದಳು. "ಈಗ ಕೇಳಬೇಡ, ಮನೆಗೆ ಹೋಗಿ ಓದು" ಎಂದಳು. ಬಸ್ಸು ಹಿಡಿದು ಮನೆ ಮುಟ್ಟಿದೆ, ಅಂಗಿ ಬಿಚ್ಚಿ ಹಾಕಿ ಬಿದ್ದುಕೊಂಡೆ. ಬೆಳಿಗ್ಗೆ ಎದ್ದರೆ ಅಂಗಿ ಬ್ಲೀಚಿನ ಬಕೆಟ್ಟಿನಲ್ಲಿತ್ತು. ಮಿಲ್ಲಿನವರ ಮನೆಯ ಬ್ಲೀಚು, ಕೇಳಬೇಕೇ. ಬಿಸಿಲಿಗೆ ಹಾಕಿ, ಮತ್ತೆ ಅದ್ದಿ, ಮತ್ತೆ ಹಾಕಿ ಅಮ್ಮ ಅದನ್ನು ನನ್ನ ಮುಂದೆ ಬಿಡಿಸಿ ಹಿಡಿದಳು. "ನೋಡು, ಒಂದು ಕಲೆ ಉಂಟಾ?" ಅವಳ ಮುಖ ನೋಡಿ, ಇಲ್ಲ ಎಂದು ಅಂಗಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಸ್ವಲ್ಪ ದಿನಕ್ಕೆ ಮಿಲ್ಲು ಮುಚ್ಚಿತು, ನಾವು ಊರಿಗೆ ಬಂದೆವು. ಗೆಳತಿಯ ನಂಬರು ದಾರಿಯಲ್ಲೆಲ್ಲೋ ಕಳೆದುಹೋಯಿತು.

ಈಗ ನಾನು ಶುವೈಖ್‌ನಲ್ಲಿ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಈಚೆಗೆ ನಮ್ಮ ಯುನಿವರ್ಸಿಟಿಯ ಹಳಬರ ವಾಟ್ಸಾಪ್ ಗುಂಪಿಗೆ ಯಾರೋ ಸೇರಿಸಿದರು. ಅವತ್ತೇ ಒಂದು ಮೆಸೇಜು: "ಹಾಸಿಗೆ ಕಳ್ಳಿ, ನೀನು ಕುವೈತಿನಲ್ಲಾ? ನಾನೂ ಇಲ್ಲೇ ಟೀಚರು! ಶುಕ್ರವಾರ ಇಲ್ಲಿರುವ ಹಳಬರೆಲ್ಲ ನಮ್ಮ ಮನೆಗೆ, ಅಂಗಿ ತೊಟ್ಟು ಬರುವುದು." ಅದರ ಕೆಳಗೆ ಇನ್ನೊಂದು ಸಾಲು: "ಬೆನ್ನ ಮೇಲೆ ಬರೆದದ್ದಕ್ಕೆ ನೀನು ಉತ್ತರ ಕೊಡಲೇ ಇಲ್ಲ."

ಓದಲೇ ಇಲ್ಲ ಎಂದು ಹೇಗೆ ಹೇಳುವುದು? ಹೋಗುವುದೇ ಬೇಡ ಅನ್ನಿಸಿತು. ಅಮ್ಮ ವಿಸಿಟ್ ವೀಸಾದಲ್ಲಿ ಬಂದು ನನ್ನ ಜೊತೆಗೇ ಇದ್ದಾಳೆ. ಸಿಂಕಿನಲ್ಲಿ ಬಂಗುಡೆ ತೊಳೆಯುತ್ತಿದ್ದವಳನ್ನು ಕೇಳಿಯೇಬಿಟ್ಟೆ.

"ಅಮ್ಮಾ, ಆ ಅಂಗಿ ಯಾಕೆ ಒಗೆದದ್ದು ನೀನು?"

"ಯಾಕೆ ಅಂದ್ರೆ ಎಂತ? ಅಪ್ಪನ ಮಿಲ್ಲಿನ ಬಟ್ಟೆ, ನಾನು ಹೊಲಿದದ್ದು. ಮಕ್ಕಳು ಗೀಚಿ ಕಳಿಸಿದ್ರೆ ಹಾಗೇ ಇಡ್ಲಿಕ್ಕೆ ಆಗ್ತದಾ?"

"ಮಕ್ಕಳಲ್ಲ, ಡಿಗ್ರಿ ಮುಗಿಸಿದವರು."

"ಡಿಗ್ರಿ ಮುಗಿಸಿದವರಿಗೆ ಬರೀಲಿಕ್ಕೆ ಕಾಗದ ಸಿಗ್ಲಿಲ್ವಾ?"

ನಾನು ಎಲ್ಲವನ್ನೂ ಹೇಳಿದೆ. ಅಮ್ಮ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳುತ್ತ, "ಅದೇ ಅಂಗಿ ಹಾಕಿ ಅಲ್ವಾ ನೀನು ಇಲ್ಲಿಯ ಕೆಲಸದ ಇಂಟರ್ವ್ಯೂಗೆ ಹೋದದ್ದು" ಎಂದಳು, ತನಗೇ ಹೇಳಿಕೊಂಡ ಹಾಗೆ. ಆಮೇಲೆ, "ನಾನೂ ಬರ್ತೇನೆ. ಒಗೆದದ್ದು ನಾನಲ್ವಾ, ನಾನೇ ಹೇಳ್ತೇನೆ."

ಶುಕ್ರವಾರ ಮಧ್ಯಾಹ್ನ ಬಾಗಿಲು ತೆರೆದ ಗೆಳತಿ ನನ್ನನ್ನು ತಬ್ಬಿ, ನನ್ನ ಹೆಗಲು ಹಿಡಿದು ಹಿಂದೆ ತಿರುಗಿಸಿದಳು. ಖಾಲಿ ಬೆನ್ನು. ಅವಳು ಹೆಗಲಿನಿಂದ ಕೈ ತೆಗೆದಳು. ಒಳಗಿದ್ದವರೂ ನೋಡಿದರು.

"ಮೀ ವಾಶ್. ಡಾಟರ್ ನೋ ರೀಡ್" ಎಂದಳು ಅಮ್ಮ ನೈಜೀರಿಯಾದ ಸಂತೆಯಲ್ಲಿ ಕಲಿತ ತನ್ನ ಹರುಕು ಇಂಗ್ಲಿಷಿನಲ್ಲಿ, ಎರಡೂ ಕೈಗಳಿಂದ ಉಜ್ಜಿ ತೋರಿಸುತ್ತ.

ಗೆಳತಿ ಕೂಗಿ ನಕ್ಕಳು. "ಮಮ್ಮಾ! ಇಷ್ಟು ವರ್ಷ ಇವಳಿಗೆ ಸೊಕ್ಕು ಅಂದುಕೊಂಡಿದ್ದೆ!" ಎಂದು ನಕ್ಕು ನಕ್ಕು ಗೋಡೆಗೆ ಒರಗಲು ತಿರುಗಿದಾಗ ಅವಳ ಬೆನ್ನಿನ ಮೇಲೆ ನಾನು ಬರೆದ ಕನ್ನಡ ಅಕ್ಷರ ಕಂಡಿತು. ಏನು ಬರೆದಿದ್ದೆನೆಂದು ನನಗೇ ಮರೆತಿತ್ತು. ಅಮ್ಮ ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: "ಒ...ಣ...ಸ್ ಆಂಡಾ?"

ಊಟ ಆಯ್ತಾ ಎಂದು ನಮ್ಮ ತುಳುವಿನಲ್ಲಿ ನಾನು ದಿನಾ ಕೇಳುತ್ತಿದ್ದದ್ದು. ಗೆಳತಿ ತಟ್ಟನೆ ತಿರುಗಿದಳು. "ಆಂಡ್!" ಆಯ್ತು ಎಂಬ ಉತ್ತರವನ್ನು ಅವಳು ಮರೆತಿರಲಿಲ್ಲ.

"ಆಗಿದ್ರೆ ಪೆನ್ನು ತಾ" ಎಂದಳು ಅಮ್ಮ. "ಅವತ್ತು ಎಂತ ಬರೆದಿದ್ದಿ, ಅದನ್ನೇ ಬರಿ." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.

ಗೆಳತಿ ನನ್ನ ಬೆನ್ನನ್ನು ಮತ್ತೆ ಹಿಡಿದುಕೊಂಡಳು. ಬರೆದದ್ದನ್ನು ಓದಿ ಎಲ್ಲರೂ ನಕ್ಕರು, ಒಬ್ಬರೂ ನನಗೆ ಹೇಳಲಿಲ್ಲ. ಟೊಮೆಟೊದಲ್ಲಿ ಬೆಂದ ಕೆಂಪು ಅನ್ನ ಉಂಡು, ಸಂಜೆ ಟ್ಯಾಕ್ಸಿಯಲ್ಲಿ ಶಾಯಿ ತಾಗೀತೆಂದು ಸೀಟಿಗೆ ಒರಗದೆ ಎಗೈಲಾದವರೆಗೆ ನೆಟ್ಟಗೆ ಕೂತು ಬಂದೆ. ಮನೆಗೆ ಬಂದವಳೇ ಅಂಗಿ ಬಿಚ್ಚಿ ಓದಿದೆ.

"ಎಂತದು?" ಅಮ್ಮ ಕೇಳಿದಳು.

"ಹಾಸಿಗೆಯಲ್ಲಿ ನಿನ್ನ ಅರ್ಧ ಹಾಗೇ ಇರುತ್ತದೆ. ಯಾವಾಗ ಬೇಕಾದರೂ ಬಾ."

ಅಮ್ಮ ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಇಡೀ ದಿನದ ಬೆವರು ಅದರಲ್ಲಿತ್ತು. ಹಾಗೆಯೇ ಹ್ಯಾಂಗರಿಗೆ ಹಾಕಿ, ಬಾಲ್ಕನಿಗೆ ಒಯ್ಯದೆ ಒಳಗಿನ ಕೋಣೆಯಲ್ಲೇ ತೂಗುಹಾಕಿದಳು.

"ಬಿಸಿಲಿಗೆ ಬೇಡ," ಎಂದಳು. "ಇಲ್ಲಿಯ ಬಿಸಿಲಿಗೆ ಶಾಯಿ ನಿಲ್ಲುವುದಿಲ್ಲ."